ದಂಡೆಗೆ ಚರಗ ಚೆಲ್ಲಬಾರದು

ತಾವರಗಟ್ಟಿ
ಶನಿವಾರ, ೨೭ ಡಿಸೆಂಬರ್ ೨೦೨೫

ಮಾಯಾಳ ಅಪ್ಪನವರಿಗೆ,

ಉಡಚವ್ವ ಮಾಡುವ ನಮಸ್ಕಾರ. ನಾನೂ ಮಾಯಾನೂ ಇಲ್ಲಿ ಆರಾಮ ಇದ್ದೇವೆ. ಮಲ್ಲಸಮುದ್ರದಲ್ಲಿ ನೀವು, ಅತ್ತೆ, ಭಾವನವರು ಎಲ್ಲ ಆರಾಮ ಎಂದು ಟಂಟಂ ಗಾಡಿಯ ಖಾಸಿಂಸಾಬ ಕಾಕಾ ಹೇಳಿದರು. ಕೆರೆಯ ಹೆಬ್ಬಾತುಗಳೂ ಆರಾಮ ಇವೆ. ಅವುಗಳ ಸುದ್ದಿ ನಿಮಗೆ ಬೇಡವೆಂದು ಗೊತ್ತು. ಆದರೆ ನೀವು ಮನೆ ಬಿಟ್ಟು ಅಣ್ಣನ ಮನೆಗೆ ಹೋದದ್ದೇ ಅವುಗಳ ಸಲುವಾಗಿ, ಹಾಗಾಗಿ ಅವುಗಳನ್ನು ಬಿಟ್ಟು ಈ ಕಾಗದ ಬರೆಯಲು ಬರುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಎಂಟು ದಿನದಿಂದ ನೀವು ಫೋನ್ ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಧ್ವನಿ ಕಳಿಸಿದರೆ ನಿಮ್ಮ ಪಡಸಾಲೆಯಲ್ಲಿ ಹತ್ತು ಮಂದಿ ಕೂತು ಕೇಳಿ, ಕೇಳಿದ್ದಕ್ಕೆ ಮತ್ತಷ್ಟು ಉಪ್ಪು ಖಾರ ಹಚ್ಚುತ್ತಾರೆ. ಕಾಗದವಾದರೆ ನೀವೊಬ್ಬರೇ ಓದಬೇಕು, ನಡುವೆ ಬಾಯಿ ಹಾಕಲೂ ಬರುವುದಿಲ್ಲ. ಹದಿಮೂರು ವರ್ಷದ ಸಂಸಾರದಲ್ಲಿ ನನಗೆ ಇಷ್ಟು ಸಲೀಸಾಗಿ ಮಾತಾಡಲು ಸಿಕ್ಕದ್ದು ಇದೇ ಮೊದಲು.

ನೀವು ಕಾಕಾನ ಕೈಯಲ್ಲಿ ಕಳಿಸಿದ ಕಾಗದ ಮುಟ್ಟಿದೆ. ಲಗ್ನ ಆದಾಗಿನಿಂದ ನನಗೊಂದು ಸಾಲು ಬರೆದವರಲ್ಲ ನೀವು. ಬರೆದದ್ದು ಇದೊಂದು, ಅದೂ ನನ್ನ ಹೆಸರಿನಲ್ಲಿ. "ಮೇಲಿನವರ ಆದೇಶದಂತೆ ದಂಡೆ ಬಂದ್ ಮಾಡಿದ್ದೆ. ಊರವರ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ. ಇನ್ನು ಮುಂದೆ ದಂಡೆಯನ್ನು ಎಲ್ಲರಿಗೂ ತೆರೆದಿಡುತ್ತೇನೆ" ಎಂದು ಬರೆದು, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದೀರಿ. ಸೋಮವಾರದ ಪಂಚಾಯತಿ ಸಭೆಯಲ್ಲಿ ಇದನ್ನು ಓದಿ ಮೆಂಬರ್ ಉಳವಪ್ಪನವರ ಕೈಗೆ ಕೊಟ್ಟರೆ ನನ್ನ ವಾಚರ್ ಕೆಲಸ ಉಳಿಯುತ್ತದೆ, ನಿಮ್ಮ ಮಿರ್ಚಿ ಅಂಗಡಿ ಮತ್ತೆ ದಂಡೆಯ ಮೇಲೆ ಏಳುತ್ತದೆ, ನೀವೂ ಮನೆಗೆ ಬರುತ್ತೀರಿ. ಕೊಡದಿದ್ದರೆ ಊರು ನನ್ನನ್ನು ಕೆಲಸದಿಂದ ತೆಗೆಸಲು ಠರಾವು ಮಾಡುತ್ತದೆ, ನೀವು ಮಲ್ಲಸಮುದ್ರದಲ್ಲೇ ಉಳಿಯುತ್ತೀರಿ. ನೀವು ಹೇಳಿ ಕಳಿಸಿದ್ದು ಇಷ್ಟೇ ತಾನೆ?

ನಾನು ಸಹಿ ಮಾಡುವುದಿಲ್ಲ. ನಿಮ್ಮ ಕಾಗದವನ್ನು ಮಡಿಕೆ ಕೆಡದಂತೆ ಇದರ ಜೊತೆಯಲ್ಲೇ ಇಟ್ಟಿದ್ದೇನೆ. ಅದರ ಹಿಂಬದಿ ಖಾಲಿ ಇದೆ, ಅಂಗಡಿಯ ಸಾಮಾನಿನ ಪಟ್ಟಿ ಬರೆಯಲು ಆದೀತು.

ಯಾಕೆ ಮಾಡುವುದಿಲ್ಲ ಎಂಬುದನ್ನು ಬುಡದಿಂದ ಹೇಳಬೇಕು, ಯಾಕೆಂದರೆ ನಿಮಗೆ ತುದಿ ಮಾತ್ರ ನೆನಪಿದೆ.

ಎರಡು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆ. ಊರೆಲ್ಲ ಬುಟ್ಟಿ ಹೊತ್ತು ತಮ್ಮ ತಮ್ಮ ಹೊಲಕ್ಕೆ ಹೋಗಿತ್ತು, ಭೂಮಿತಾಯಿಗೆ ಎಡೆ ಮಾಡಿದ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಲು. ನಮಗೆ ಹೊಲ ಇಲ್ಲ. ಲಗ್ನವಾಗಿ ಬಂದಾಗಿನಿಂದ ಪ್ರತಿ ವರ್ಷ ಯಾರದಾದರೂ ಹೊಲದ ಬದುವಿನಲ್ಲಿ ಕೂತು ಅವರು ಬಡಿಸಿದ್ದನ್ನು ಉಂಡು ಬಂದವಳು ನಾನು. ಅವರು ಪ್ರೀತಿಯಿಂದಲೇ ಬಡಿಸುತ್ತಿದ್ದರು, ಸುಳ್ಳು ಹೇಳಬಾರದು. ಆದರೆ ಸ್ವಂತ ಕೈಯಿಂದ ಒಂದು ಹಿಡಿ ಚರಗ ಚೆಲ್ಲುವ ಆಸೆ ಇತ್ತು. ಆ ವರ್ಷ ಅರಣ್ಯ ಇಲಾಖೆಯಿಂದ ಕೆರೆಯ ವಾಚರ್ ಕೆಲಸ ಹೊಸದಾಗಿ ಸಿಕ್ಕಿತ್ತು. ಖಾಕಿ ಅಂಗಿ ಹಾಕಿಕೊಂಡು ದಂಡೆಯ ಮೇಲೆ ನಿಂತಾಗ, ದಿನವಿಡೀ ನಾನು ಕಾಯುವುದು ಇದನ್ನೇ, ನನ್ನ ಹೊಲವೂ ಇದೇ ಯಾಕಾಗಬಾರದು ಅನಿಸಿತು. ಕಡಬು, ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಎಲ್ಲ ಮಾಡಿಕೊಂಡು ಬಂದು ದಂಡೆಯ ಉದ್ದಕ್ಕೂ ಚೆಲ್ಲಿದೆ. ನೀರಿನಲ್ಲಿ ನೂರಾರು ಹೆಬ್ಬಾತುಗಳು ಕೂತು ನೋಡುತ್ತಿದ್ದವು. ನನಗೆ ಅಳು ಬಂತು. ನೀವು ಮೊಬೈಲಿನಲ್ಲಿ ಅದನ್ನು ಹಿಡಿದಿರಿ.

ಆಮೇಲಿನದು ನಿಮಗೆ ಚೆನ್ನಾಗಿ ನೆನಪಿದೆ. ಖಾಕಿ ತೊಟ್ಟ ಹೆಂಗಸು ಪರದೇಶದ ಹಕ್ಕಿಗಳಿಗೆ ಚರಗ ಚೆಲ್ಲುವ ಆ ವಿಡಿಯೋ ಗದಗ-ಬೆಟಗೇರಿಯ ಮನೆ ಮನೆ ತಲುಪಿತು. ಹೊಲ ಮಾರಿ ಪ್ಲಾಟು ಮಾಡಿಕೊಂಡವರಿಗೆ, ಹೊಲವೇ ಕಾಣದವರಿಗೆ ಚರಗ ಚೆಲ್ಲಲು ಒಂದು ಜಾಗ ಸಿಕ್ಕಿತು. ಹೋದ ವರ್ಷದ ಅಮಾವಾಸ್ಯೆಗೆ ಲಕ್ಷ್ಮೇಶ್ವರ, ಮುಂಡರಗಿ, ಮುಳಗುಂದದಿಂದ ಟ್ರ್ಯಾಕ್ಟರ್, ಕಾರು, ಮೋಟರ್ ಸೈಕಲ್ ಹರಿದು ಬಂದವು. ಆಮೇಲೆ ಅಮಾವಾಸ್ಯೆಯೂ ಬೇಕಾಗಲಿಲ್ಲ, ಪ್ರತಿ ಐತವಾರ ಜನ ಬುತ್ತಿ ತಂದು ಚೆಲ್ಲುವುದು, ಹಕ್ಕಿ ಹಾರಲೆಂದು ಚಪ್ಪಾಳೆ ಹೊಡೆಯುವುದು, ಹಾರಿದ್ದನ್ನು ರೀಲ್ಸ್ ಮಾಡುವುದು. ನೀವು ಮಿರ್ಚಿ-ಗಿರ್ಮಿಟ್ ಅಂಗಡಿ ಹಾಕಿದಿರಿ. ನಾನೂ ಹಿಗ್ಗಿದೆ, ಇಲ್ಲ ಅನ್ನುವುದಿಲ್ಲ. ನನ್ನ ಗಂಡನ ಕೈ ಮಿರ್ಚಿಗೆ ಬೆಟಗೇರಿಯವರು ಸಾಲು ನಿಲ್ಲುತ್ತಾರೆಂದು ತವರಿಗೆ ಫೋನ್ ಹಚ್ಚಿ ಹೇಳಿಕೊಂಡವಳು ನಾನೇ.

ಹೆಬ್ಬಾತು ರಾತ್ರಿ ಹೊಲಗಳಲ್ಲಿ ಮೇಯುತ್ತದೆ, ಹಗಲು ನೀರಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ. ಹಗಲು ಎಬ್ಬಿಸಿದರೆ ನಮ್ಮನ್ನು ನಡುರಾತ್ರಿ ಎಬ್ಬಿಸಿ ಗದಗಿನ ತನಕ ಓಡಿಸಿದ ಹಾಗೆ. ಮೊದಲ ವರ್ಷ ನಾನು ಎಂಬತ್ತು ಹೆಜ್ಜೆ ಹತ್ತಿರ ಹೋಗುವವರೆಗೆ ತಲೆ ಎತ್ತುತ್ತಿರಲಿಲ್ಲ. ಈ ವರ್ಷ ಮುನ್ನೂರು ಹೆಜ್ಜೆ ದೂರದಲ್ಲೇ ಕತ್ತು ನಿಗುರಿಸಿ ನಿಲ್ಲುತ್ತವೆ. ಇದನ್ನು ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ, ನಾನೇ ಹೆಜ್ಜೆ ಎಣಿಸಿ ನೋಡಿದ್ದು. ಕಳೆದ ವರ್ಷದ ಅಮಾವಾಸ್ಯೆಯ ದಿನ ಐದು ಸಲ ಹಿಂಡಿಗೆ ಹಿಂಡೇ ಎದ್ದಿತು. ಐದನೇ ಸಲ ಎದ್ದದ್ದು ಆರು ದಿನ ತಿರುಗಿ ಬರಲಿಲ್ಲ.

ಜನ ಹೋದ ಮೇಲೆ ಚರಗ ತಿನ್ನಲು ನಾಯಿಗಳು ಬಂದವು. ಮೊದಲು ನಾಲ್ಕು, ದೀಪಾವಳಿಯ ಹೊತ್ತಿಗೆ ಹತ್ತೊಂಬತ್ತು. ಐತವಾರ ಹೋಳಿಗೆ ತಿಂದ ನಾಯಿ ಸೋಮವಾರ ಏನು ತಿನ್ನಬೇಕು? ದಂಡೆಗೆ ಬಂದ ಹೆಬ್ಬಾತು ತಿಂದಿತು. ಈ ಹಂಗಾಮಿನಲ್ಲಿ ನಾನು ಹೂಳಿದ್ದು ಇಪ್ಪತ್ತಮೂರು. ಅದರಲ್ಲಿ ಒಂದನ್ನು ನೀವೇ ತಂದಿರಿ. ಅಂಗಡಿ ತೆಗೆಯಲು ಬೆಳಿಗ್ಗೆ ಹೋದವರು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಬಂದಿರಿ, ಇನ್ನೂ ಜೀವ ಇತ್ತು. ರೆಕ್ಕೆ ಮುರಿದು ನೇತಾಡುತ್ತಿತ್ತು. ಕಟ್ಟೆಯ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡು, ಅದು ಸಾಯುವವರೆಗೆ ನೀವು ಏಳಲಿಲ್ಲ. ಅವತ್ತು ನೀವು ನನಗೊಂದು ಮಾತು ಹೇಳಿದಿರಿ.

"ಇದು ನಮ್ಮಿಂದನ ಆತು, ಉಡಚಿ."

ನೀವು ಆ ಮಾತು ಮರೆತಿದ್ದೀರಿ. ನಾನು ಮರೆತಿಲ್ಲ. ಅದನ್ನು ಕೇಳಿದ ದಿನ ನನಗೆ ನಿಮ್ಮ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಇನ್ನು ಈ ಮನುಷ್ಯ ನನ್ನ ಬೆನ್ನಿಗೆ ನಿಲ್ಲುತ್ತಾನೆ ಎಂದುಕೊಂಡುಬಿಟ್ಟೆ.

ನಾನು ಕೆರೆಯನ್ನು ಪೂರ್ತಿ ಬಂದ್ ಮಾಡಿದೆ ಎಂದು ಊರೆಲ್ಲ ಸಾರಿದ್ದಾರೆ. ನೀವೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಮೂಡಣ ದಂಡೆ ಬಿಟ್ಟಿದ್ದೆನಲ್ಲ? ಅಲ್ಲಿಂದ ಹಕ್ಕಿ ಚೆಂದ ಕಾಣುತ್ತವೆ, ಹಕ್ಕಿಗೂ ತ್ರಾಸಿಲ್ಲ. ಐವತ್ತು ತಗಡಿನ ಬಿಲ್ಲೆ ಮಾಡಿಸಿದೆ. ಬಂದವರು ಒಂದು ಬಿಲ್ಲೆ ತೆಗೆದುಕೊಂಡು ಒಳಗೆ ಹೋಗುವುದು, ಹೊರಗೆ ಬರುವಾಗ ತಿರುಗಿ ಕೊಡುವುದು. ಬಿಲ್ಲೆ ಮುಗಿದರೆ ಬೇವಿನ ಗಿಡದ ಕೆಳಗೆ ಕಾಯುವುದು. ಬುಟ್ಟಿ ಗೇಟಿನ ಹತ್ತಿರ ಇಟ್ಟು ಹೋಗುವುದು, ಊಟ ಅಲ್ಲಿಯೇ, ಚರಗ ಅವರವರ ಹೊಲದಲ್ಲಿ. ಹಕ್ಕಿ ಕೂರುವ ಪಡುವಣ ದಂಡೆಗೆ ಮಾತ್ರ ಜಾಲಿ ಮುಳ್ಳು ಹಾಕಿ ಬೋರ್ಡು ನಿಲ್ಲಿಸಿದೆ, ನಿಮ್ಮ ಅಂಗಡಿಯನ್ನೂ ಅಲ್ಲಿಂದ ಎಬ್ಬಿಸಿದೆ. ಅಮಾವಾಸ್ಯೆಗೆ ಹದಿನೈದು ದಿನ ಮೊದಲು ಮನೆ ಮನೆಗೆ ಹೋಗಿ ಹೇಳಿ ಬಂದಿದ್ದೆ. ಎಲ್ಲರೂ ತಲೆ ಆಡಿಸಿದರು. ಚಹಾ ಕೊಟ್ಟರು. ಯಾರೂ ಬೇಡ ಅನ್ನಲಿಲ್ಲ.

ಮೊನ್ನೆ ಅಮಾವಾಸ್ಯೆಯ ದಿನ ಹತ್ತು ಗಂಟೆಯ ತನಕ ಎಲ್ಲ ಸರಳವಾಗಿ ನಡೆಯಿತು. ಆಮೇಲೆ ಉಳವಪ್ಪನವರು ಗದಗಿನ ಬೀಗರನ್ನು ಕರೆದುಕೊಂಡು ಎರಡು ಟ್ರ್ಯಾಕ್ಟರಿನಲ್ಲಿ ಬಂದರು. ಆ ಮನುಷ್ಯ ಕೆಟ್ಟವರಲ್ಲ. ಹೆಬ್ಬಾತುಗಳು ಅವರ ಕಡಲೆ ಹೊಲಕ್ಕೆ ಇಳಿದು ಮೇಯ್ದರೂ ಒಂದು ಕಲ್ಲು ಎಸೆಯಗೊಟ್ಟವರಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಬೀಗರ ಮುಂದೆ ಅವರ ಮೀಸೆ ದೊಡ್ಡದಾಗಿತ್ತು. ಪಡುವಣ ದಂಡೆಗೇ ಹೋಗಬೇಕು ಎಂದರು. ಬೋರ್ಡು ತೋರಿಸಿದೆ. ಕೆಳಗಿನ ಸಾಲಿನ ತನಕ ಓದಿದರು, ಆಮೇಲೆ ಬೀಗರತ್ತ ನೋಡಿ ನನ್ನನ್ನು ಕೇಳಿದರು.

"ನಮ್ಮ ಊರ ಕೆರಿಗಿ ಹೋಗಾಕ ನಿನ್ನ ಅಪ್ಪಣಿ ಬೇಕೇನ?"

"ಅಪ್ಪಣಿ ಬ್ಯಾಡ್ರಿ, ಬಿಲ್ಲಿ ಬೇಕ್ರಿ. ಬಿಲ್ಲಿ ಮುಗದಾವು, ಗಿಡದ ಕೆಳಗ ಕುಂಡ್ರಿ" ಅಂದೆ.

ಸುತ್ತ ನಿಂತವರು ನಕ್ಕರು. ಆ ನಗೆ ನನಗೆ ದುಬಾರಿ ಬಿತ್ತು. ನಗದಿದ್ದರೆ ಅವರು ಕೂರುತ್ತಿದ್ದರೋ ಏನೋ. ಅಷ್ಟರಲ್ಲಿ ಮಂದಿಯ ನಡುವಿನಿಂದ ನೀವು ಬಂದಿರಿ. ತೋಳು ಮೇಲೇರಿಸಿ ಜಾಲಿ ಮುಳ್ಳು ಎಳೆದು ಪಕ್ಕಕ್ಕೆ ಹಾಕಿದಿರಿ. ಬೇರೆ ಯಾರೇ ಎಳೆದಿದ್ದರೂ ನಾನು ಬೈಯುತ್ತಿದ್ದೆ. ನೀವು ಎಳೆದಿರಿ, ಬೈಯಲಿಲ್ಲ. ಮುಳ್ಳು ತೆಗೆದ ಜಾಗದಲ್ಲಿ ನಾನೇ ಹೋಗಿ ನಿಂತೆ. ಊರ ಮುಂದೆ, ಮಗಳ ಮುಂದೆ ನೀವು ಅಂದಿರಿ.

"ಸಾಕು ನಿನ್ನ ನಾಟಕ. ಮನಿಗಿ ನಡಿ."

"ನೀವು ನಡೀರಿ. ನನ್ನ ಡ್ಯೂಟಿ ಮುಗದಿಲ್ಲ."

ಹೆಂಡತಿ ಊರ ಮುಂದೆ ಎದುರು ಮಾತಾಡಿದಳು ಎಂಬುದೇ ನಿಮಗೆ ದೊಡ್ಡದಾಯಿತು. ಸಂಜೆ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಿಮ್ಮ ಬಟ್ಟೆ ಗೂಟದ ಮೇಲಿರಲಿಲ್ಲ. ಆದರೆ ಒಂದು ಮಾತು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ನೀವು ಹೋದ ಮೇಲೆ ಯಾರೂ ನನ್ನನ್ನು ದಾಟಿ ಹೋಗಲಿಲ್ಲ. ಉಳವಪ್ಪನವರ ಬೀಗಿತ್ತಿಯೇ ಬುಟ್ಟಿ ಇಳಿಸಿ ಗಿಡದ ಕೆಳಗೆ ಕೂತು, ಬಿಲ್ಲೆ ಬಂದಾಗ ಕರೆಯವ್ವ ಎಂದರು.

ಮರುದಿನ ಅತ್ತೆಯವರು ಭಾವನ ಫೋನಿನಿಂದ ಮಾತಾಡಿದರು. "ಚರಗ ತಡದಾಕಿ ನಮ್ಮ ಮನಿ ಸೊಸಿ ಅಲ್ಲ" ಎಂದು ಹೇಳಿ ಇಟ್ಟುಬಿಟ್ಟರು. ಉತ್ತರ ಕೊಡಲು ಬಿಡಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ, ಓದಿ ಹೇಳಿ. ಹೊಲ ನಮಗೆ ಉಣ್ಣಲು ಕೊಟ್ಟಿದೆ ಎಂದು ಹೊಲಕ್ಕೆ ಉಣ್ಣಿಸುವುದು ಚರಗ. ಈ ಕೆರೆ ನನಗೆ ಏನೂ ಬೆಳೆದು ಕೊಟ್ಟಿರಲಿಲ್ಲ, ಅದಕ್ಕೆ ನನ್ನ ಹೋಳಿಗೆಯೂ ಬೇಕಿರಲಿಲ್ಲ. ನನ್ನ ಆಸೆಗೆ ನಾನು ಚೆಲ್ಲಿದೆ. ಹಿಮದ ಗುಡ್ಡ ದಾಟಿ ಬಂದ ಬೀಗರನ್ನು ಬಾಗಿಲಲ್ಲಿ ನಾಯಿ ಬಿಟ್ಟು ಕಡಿಸಿ, ನಾವು ಪುಣ್ಯ ಮಾಡಿದೆವು ಎಂದರೆ ಯಾವ ದೇವರು ಮೆಚ್ಚುತ್ತಾನೆ? ನನ್ನ ತಪ್ಪನ್ನು ತಿದ್ದಿದ್ದಕ್ಕೆ ನಾನು ಮಾಫಿ ಕೇಳುವುದಿಲ್ಲ. ತಪ್ಪು ಮಾಡಿದ್ದಕ್ಕೆ ಬೇಕಾದರೆ ಕೇಳುತ್ತೇನೆ, ಅದನ್ನೂ ಉಳವಪ್ಪನವರ ಹತ್ತಿರ ಅಲ್ಲ.

ಇಲ್ಲಿಯ ಹಾಲು ಹವಾಲು ಹೇಳುತ್ತೇನೆ. ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೊಡುವುದು ನಿಲ್ಲಿಸಿದ್ದಾರೆ. ಶಾಲೆಯಲ್ಲಿ ಮಾಯಾಗೆ ಬಾತಿನ ಮಗಳು ಎಂದು ಹೆಸರಿಟ್ಟಿದ್ದಾರೆ. ಎರಡು ದಿನ ಅತ್ತಳು, ಮೂರನೇ ದಿನ ಬಾತು ಎಷ್ಟು ಎತ್ತರ ಹಾರುತ್ತದೆ ಗೊತ್ತೇನು ಎಂದು ಅವರನ್ನೇ ಕೇಳಿ ಬಂದಳಂತೆ. ನಿಮ್ಮ ಹಾಗೆ ಮೂಗಿನ ಮೇಲೆ ಸಿಟ್ಟು, ನನ್ನ ಹಾಗೆ ಬಾಯಿ. ಅಪ್ಪ ಯಾವಾಗ ಬರುತ್ತಾರೆ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ. ನಾನು ಕೇಳುವುದಿಲ್ಲ, ಆದರೆ ರೊಟ್ಟಿ ಬಡಿಯುವಾಗ ಲೆಕ್ಕ ತಪ್ಪಿ ನಿಮ್ಮ ಪಾಲಿನದೂ ಬಡಿಯುತ್ತೇನೆ. ಬಹಳ ನೆನಪಾಗುತ್ತೀರಿ. ಇದನ್ನು ಬರೆಯಲು ನನಗೆ ನಾಚಿಕೆ ಇಲ್ಲ.

ಆದರೆ ಕಳೆದ ಸೋಮವಾರ ನಾನು ಒಂದೂ ಹಕ್ಕಿ ಹೂಳಲಿಲ್ಲ. ಚರಗ ಇಲ್ಲದ ಮೇಲೆ ನಾಯಿಗಳು ಒಂದೊಂದಾಗಿ ಊರ ಕಡೆ ತಿರುಗಿವೆ. ನಿನ್ನೆ ಎಣಿಸಿದೆ, ಏಳು ಉಳಿದಿವೆ. ಹಕ್ಕಿಗಳು ಪಡುವಣ ದಂಡೆಗೆ ಬಂದು ರೆಕ್ಕೆಯಲ್ಲಿ ಮುಖ ಹುದುಗಿಸಿ ಮಲಗುತ್ತಿವೆ. ಅವು ಹಗಲು ಮಲಗಿದ್ದನ್ನು ಈ ವರ್ಷ ನಾನು ನೋಡಿರಲಿಲ್ಲ. ಬೇಲಿ ಎರಡು ತಿಂಗಳು ನಿಂತರೆ ಸಾಕು, ಮಾರ್ಚಿನಲ್ಲಿ ಅವು ತಮ್ಮ ದಾರಿ ಹಿಡಿಯುತ್ತವೆ.

ನಿಮ್ಮ ಅಂಗಡಿಯ ಮೇಲೆ ನನಗೇನೂ ಹಗೆ ಇಲ್ಲ. ಗೇಟಿನ ಹೊರಗೆ, ಬೇವಿನ ಗಿಡದ ಹತ್ತಿರ ಹಾಕಿ. ಬಿಲ್ಲೆಗೆ ಕಾಯುವ ಮಂದಿ ಮಿರ್ಚಿ ತಿನ್ನದೆ ಮತ್ತೇನು ಮಾಡುತ್ತಾರೆ? ದಂಡೆಯ ಮೇಲೆ ಮಾತ್ರ ಬೇಡ. ಮನೆಗೆ ಬರುವುದಾದರೆ ಬನ್ನಿ, ಬಾಗಿಲು ಹಾಕಿಲ್ಲ, ಯಾರ ಮಧ್ಯಸ್ಥಿಕೆಯೂ ಬೇಕಿಲ್ಲ. ಒಂದೇ ಕರಾರು. ನೀವು ಕಿತ್ತ ಮುಳ್ಳನ್ನು ನಾನು ಒಬ್ಬಳೇ ಕಟ್ಟಿದ್ದೇನೆ, ಒಂದು ಕಡೆ ಸಡಿಲಾಗಿದೆ. ಬಂದವರು ಮೊದಲು ದಂಡೆಗೆ ಹೋಗಿ, ನಿಮ್ಮ ಕೈಯಿಂದ ಅದನ್ನು ಬಿಗಿದು ಕಟ್ಟಿ, ಆಮೇಲೆ ಮನೆಗೆ ಬರಬೇಕು. ಊರು ನೋಡುವ ಹೊತ್ತಿನಲ್ಲೇ ಕಟ್ಟಬೇಕು, ಯಾಕೆಂದರೆ ಕಿತ್ತದ್ದೂ ಊರು ನೋಡುತ್ತಿರುವಾಗಲೇ.

ಅತ್ತೆಯವರಿಗೆ ನಮಸ್ಕಾರ ತಿಳಿಸಿ. ಅವರು ಬೇಡವೆಂದರೂ ತಿಳಿಸಿ. ಮೊಣಕಾಲಿಗೆ ಹಚ್ಚುವ ಎಣ್ಣೆ ಕಾಕಾನ ಕೈಯಲ್ಲಿ ಕಳಿಸಿದ್ದೇನೆ.

ಇತಿ,
ಸೊಸೆ ಅಲ್ಲ ಅನಿಸಿಕೊಂಡರೂ ನಿಮ್ಮ ಹೆಂಡತಿಯೇ ಆದ
ಉಡಚವ್ವ

ತಾ.ಕ.: ನೀವು ಬರೆದುಕೊಟ್ಟ ಮಾಫಿ ಕಾಗದದ ಮೊದಲ ಸಾಲೇ ಸುಳ್ಳು, ಅದು ನಿಮಗೆ ಗೊತ್ತಿಲ್ಲ. ಮೇಲಿನವರು ಯಾರೂ ಆದೇಶ ಕೊಟ್ಟಿರಲಿಲ್ಲ. ಮೂರು ಅರ್ಜಿ ಬರೆದಿದ್ದೆ, ಮೂರಕ್ಕೂ ನೋಡೋಣ ಎಂದಿದ್ದರು. ನೋಡುತ್ತ ಕೂತರೆ ಅಮಾವಾಸ್ಯೆ ಬಂದುಬಿಡುತ್ತಿತ್ತು. ಬೋರ್ಡಿನ ಕೆಳಗೆ "ಆದೇಶದ ಮೇರೆಗೆ" ಎಂದು ಬರೆದವಳು ನಾನು. ನಿಮಗೂ ಹೇಳಲಿಲ್ಲ, ಹೇಳಿದ್ದರೆ ನೀವು ಅವತ್ತೇ ಬೇಡ ಅನ್ನುತ್ತಿದ್ದಿರಿ. ನಿಮ್ಮ ಕಾಗದ ಓದಿದ ಮೇಲೆ, ಇನ್ನು ಸೋಮವಾರ ಊರು ಇದನ್ನು ಇಲಾಖೆಯ ಸಾಹೇಬರ ತಲೆಗೆ ಕಟ್ಟುತ್ತದೆ ಎಂದು ಗೊತ್ತಾಗಿ, ನಿನ್ನೆ ಕಚೇರಿಗೆ ಹೋಗಿ ಖರೆ ಹೇಳಿಬಿಟ್ಟೆ. "ಹಂಗಾರ ಯಾರ ಆದೇಶ ಅದು?" ಎಂದು ಕೇಳಿದರು. "ನಂದರಿ" ಅಂದೆ. ಒಂದನೇ ತಾರೀಖಿನಿಂದ ಕೆಲಸಕ್ಕೆ ಬರಬೇಡ ಎಂದರು. ಬೋರ್ಡು ತೆಗೆ ಎಂದು ಮಾತ್ರ ಹೇಳಲಿಲ್ಲ. ಸೋಮವಾರ ಸಭೆಯಲ್ಲೂ ಇದನ್ನೇ ಹೇಳುತ್ತೇನೆ, ಊರು ಠರಾವು ಮಾಡುವ ತ್ರಾಸು ತಪ್ಪುತ್ತದೆ. ಒಂದನೇ ತಾರೀಖಿನಿಂದ ಖಾಕಿ ಇರುವುದಿಲ್ಲ. ದಂಡೆಯ ಮೇಲೆ ಸೀರೆ ಉಟ್ಟು ನಿಂತಿರುತ್ತೇನೆ.